ಅಂಗಡಿಗೆ ಬಣ್ಣ ಆರಿಸುವ ಮುಂಚೆ ಬಿಸಿಲು ನೋಡಿ

ಹುಬ್ಬಳ್ಳಿಯಲ್ಲಿ ಬೋರ್ಡ್ ಬರೆಯುವ ಕೆಲಸ ನನ್ನದು. ಮೊದಲು ಬರೀ ಕುಂಚ, ಈಗ ಫ್ಲೆಕ್ಸೇ ಜಾಸ್ತಿ. ಬಂದವರೆಲ್ಲ ಮೊಬೈಲ್ ತೋರಿಸಿ “ಇದೇ ಕೆಂಪು ಬೇಕ್ರಿ” ಅನ್ನುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಅಂಗಡಿ ಬಾಗಿಲು ಯಾವ ದಿಕ್ಕಿಗೆ?

ಇದನ್ನು ಕಲಿಸಿದ್ದು ನನ್ನದೇ ಅಂಗಡಿ. ಪಶ್ಚಿಮಕ್ಕೆ ಬಾಗಿಲು. ಕೆಂಪು ಅಕ್ಷರ ಬರೆದು, ಸುತ್ತ ನೀಲಿ ಗೆರೆ ಎಳೆದಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೆಂಪು ಹೋಗಿ ಬಾಂಬೆ ಮಿಠಾಯಿ ಗುಲಾಬಿ ಆಯಿತು. ನೀಲಿ ಗೆರೆ ಹಾಗೇ ಇತ್ತು. ಆ ಬೋರ್ಡನ್ನು ಬಿಸಾಕಿಲ್ಲ, ಹಟ ಮಾಡುವವರಿಗೆ ತೋರಿಸಲು ಬಾಗಿಲ ಹಿಂದೆ ಇಟ್ಟಿದ್ದೇನೆ.

ಫ್ಲೆಕ್ಸಿನಲ್ಲೂ ಅಷ್ಟೇ. ಹಳೇ ಚುನಾವಣೆ ಫ್ಲೆಕ್ಸಿನಲ್ಲಿ ನಾಯಕರ ಮುಖ ನೀಲಿಗಟ್ಟಿರುವುದನ್ನು ನೋಡಿದ್ದೀರಿ, ಅಲ್ವಾ? ಗುಲಾಬಿ, ಹಳದಿ ಇಂಕು ಮೊದಲು ಹೋಗುತ್ತವೆ. ನೀಲಿ, ಕಪ್ಪು ಉಳಿಯುತ್ತವೆ.

ಕೆಂಪೇ ಬೇಕೆಂದರೆ ಕೆಮ್ಮಣ್ಣಿನ ಕೆಂಪಿಗೆ ಬನ್ನಿ. ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ತುಕ್ಕಿನ ಬಣ್ಣ, ಬಿಸಿಲಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ನಮ್ಮ ಕಡೆ ಹಳೇ ಮನೆಗಳಿಗೆ ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರು. ಮಳೆಗಾಲದಲ್ಲಿ ಕೆಸರು ಸಿಡಿದರೂ ಕಾಣುತ್ತಿರಲಿಲ್ಲ. ಗದಗಿನ ಒಂದು ಖಾನಾವಳಿಗೆ ಒಳಗೂ ಇದನ್ನೇ ಮಾಡಿಸಿದೆ: ಕೆಳಗೆ ಮೂರು ಫೂಟು ಕೆಮ್ಮಣ್ಣು, ಮೇಲೆ ಕೆನೆ ಬಣ್ಣ. ಅಲ್ಲಿಯ ಅಕ್ಕ ಪೂರ್ತಿ ಬಿಳಿ ಬೇಕು ಅಂದಿದ್ದರು. “ಎಣ್ಣೆಗಾಯಿ ತಿಂದ ಕೈ ಗೋಡೆಗೆ ಒರೆಸಿದರೆ ಏನ್ ಮಾಡ್ತೀರಿ ಅಕ್ಕಾರ?” ಅಂದೆ. ನಕ್ಕು ಒಪ್ಪಿದರು.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ತಗಡಿನ ತುಂಡಿಗೆ ಬಣ್ಣ ಬಳಿದು, ಅರ್ಧಕ್ಕೆ ರಟ್ಟು ಕಟ್ಟಿ, ಶಿವರಾತ್ರಿ ಹೊತ್ತಿಗೆ ಮಾಳಿಗೆ ಮೇಲೆ ಇಡಿ. ಮಳೆ ಶುರುವಾಗುವ ಮುಂಚೆ ರಟ್ಟು ಬಿಚ್ಚಿ ನೋಡಿ. ನಡುವೆ ಗೆರೆ ಕಂಡರೆ ಆ ಬಣ್ಣ ಬಿಡಿ. ಅಷ್ಟು ತಿಂಗಳು ಯಾರು ಕಾಯುತ್ತಾರೆ ಅನ್ನುವವರಿಗೆ ನನ್ನ ಬಾಗಿಲ ಹಿಂದಿನ ಬೋರ್ಡೇ ಸಾಕು.

ಆರಿಸಿದ ಮೇಲೆ ಕಂಪನಿ ಹೆಸರು, ಶೇಡ್ ನಂಬರು ಎರಡನ್ನೂ ಶಟರ್ ಒಳಗೆ ಬರೆದಿಡಿ. ಮುಂದಿನ ಸಲ “ಅದೇ ಹಸಿರು” ಅಂತ ಬಾಯಲ್ಲಿ ಹೇಳಿದರೆ ಬೇರೆ ಹಸಿರೇ ಬರುತ್ತದೆ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದಲ್ಲ, ಅಲ್ಲಿ ಕೇಸರಿ, ಹಸಿರು ಯಾವುದನ್ನೂ ಕಣ್ಣಂದಾಜಿಗೆ ಬಿಟ್ಟಿಲ್ಲ. ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್ ಹೇಳಿದ ಛಾಯೆಗೆ ಹೊಂದಬೇಕು, ಬಣ್ಣ ಬಿಡಬಾರದು. ಡಬ್ಬಿಗಳೂ ಒಂದೇ ಬ್ಯಾಚಿನವು ಇರಲಿ. ಸಿಗದಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ ಹಚ್ಚಿಸಿ.

ಒಳಗಿನ ಬಣ್ಣವನ್ನು ಮಾತ್ರ ಹಗಲಲ್ಲಿ ಆರಿಸಿ ಮುಗಿಸಬೇಡಿ. ಸಂಜೆ ನಿಮ್ಮದೇ ಲೈಟು ಹಾಕಿ ಇನ್ನೊಮ್ಮೆ ನೋಡಿ. ಬಿಳಿ ಟ್ಯೂಬಿನ ಕೆಳಗೆ ಚಂದ ಕಂಡ ಕೆನೆ ಬಣ್ಣ ಹಳದಿ ಬಲ್ಬಿಗೆ ಅರಿಶಿಣ ಬಳಿದ ಹಾಗೆ ಕಾಣುತ್ತದೆ.