ಪಾಮ್ ತೋಟಗಳ ಸುತ್ತಾಟ: ಕಾರವಾರದಿಂದ ಶಿರಸಿಯವರೆಗೆ ನನ್ನ ಅನುಭವ

ತೆಂಗು, ಅಡಿಕೆಗಳ ನಡುವೆಯೇ ಹುಟ್ಟಿ ಬೆಳೆದ ನಮ್ಮ ಜಿಲ್ಲೆಯವರಿಗೆ ಅದೇ ಕುಟುಂಬದ ಅಲಂಕಾರದ ಪಾಮ್ ಗಿಡಗಳನ್ನು ಹವ್ಯಾಸಕ್ಕಾಗಿ ಬೆಳೆಸುವವರನ್ನು ಕಂಡರೆ ಮೊದಲು ನಗು ಬರುತ್ತದೆ. ಕೊನೆ (ಗೊನೆ) ಬಿಡದ, ಕಾಯಿ ಕೊಡದ ಮರಕ್ಕೆ ಜಾಗ, ನೀರು, ಗೊಬ್ಬರಗಳನ್ನೆಲ್ಲ ಏಕೆ ಸುರಿಯಬೇಕೆಂದು ಮನೆಯ ಹಿರಿಯರು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆದರೂ ಕಾರವಾರದ ಕರಾವಳಿಯಲ್ಲಿ, ಕುಮಟಾದ ಒಳಭಾಗದಲ್ಲಿ, ಘಟ್ಟದ ಮೇಲೆ ಶಿರಸಿಯ ಸುತ್ತಮುತ್ತ ಹಿತ್ತಿಲನ್ನೇ ಪಾಮ್ ಸಂಗ್ರಹವನ್ನಾಗಿ ಮಾಡಿಕೊಂಡವರು ಅಲ್ಲಲ್ಲಿ ಇದ್ದಾರೆ. ಇಂಥವರ ತೋಟಗಳನ್ನು ಸಮಾನಾಸಕ್ತ ಗೆಳೆಯರ ಸಣ್ಣ ಗುಂಪಿನೊಂದಿಗೆ ನೋಡಿ ಬರುವುದನ್ನು ಕೆಲವು ವರ್ಷಗಳಿಂದ ರೂಢಿಸಿಕೊಂಡಿದ್ದೇನೆ. ಅದನ್ನು ಹೇಗೆ ಮಾಡುತ್ತೇವೆ, ಅದರಿಂದ ಏನು ತಿಳಿಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಈ ಸುತ್ತಾಟ ಬರಿಯ ಮನರಂಜನೆಯಲ್ಲ ಎಂದು ನಾನು ನಂಬುವುದಕ್ಕೆ ಕಾರಣ ಪಾಮ್‌ಗಳ ದೇಹರಚನೆಯಲ್ಲೇ ಇದೆ. ಮಾವು, ಹಲಸುಗಳಂತೆ ಇವುಗಳ ಕೊಂಬೆ ಕಡಿದು ಆಕಾರ ತಿದ್ದಲಾಗದು. ಕಾಂಡವೊಂದಕ್ಕೆ ತುದಿಯಲ್ಲಿರುವುದು ಒಂದೇ ಕುಡಿ. ಅದು ಸತ್ತರೆ ಆ ಕಾಂಡದ ಕಥೆ ಮುಗಿಯಿತು. ಕಾಂಡದಲ್ಲಿ ಕ್ಯಾಂಬಿಯಂ ಎಂಬ ಬೆಳೆಯುವ ಪದರ ಇಲ್ಲದ ಕಾರಣ ಒಮ್ಮೆ ಬಿದ್ದ ಗಾಯ ಮುಚ್ಚಿಕೊಳ್ಳುವುದಿಲ್ಲ. ಕಸಿ ಕಟ್ಟುವಂತಿಲ್ಲ, ರೆಂಬೆ ನೆಟ್ಟು ಚಿಗುರಿಸುವಂತಿಲ್ಲ. ಹಿಂಡಾಗಿ ಬೆಳೆಯುವ ಕೆಲವನ್ನು ಬಿಡಿಸಿ ನೆಡಬಹುದೆಂಬುದನ್ನು ಬಿಟ್ಟರೆ ಬೀಜವೇ ಗತಿ. ಹೀಗಿರುವಾಗ ನರ್ಸರಿಯ ಚೀಲದಲ್ಲಿ ಮೊಣಕಾಲೆತ್ತರದಲ್ಲಿ ನಿಂತ ಗಿಡ ಮುಂದೆ ಎಷ್ಟು ಅಗಲಕ್ಕೆ ಹರಡುತ್ತದೆ, ನಮ್ಮ ಮಳೆಗೂ ಮಣ್ಣಿಗೂ ಹೇಗೆ ಒಗ್ಗುತ್ತದೆ ಎಂಬುದನ್ನು ಚಿತ್ರ ನೋಡಿ ಊಹಿಸುವುದು ಕಷ್ಟ. ಅದೇ ಮಳೆ ಬೀಳುವ, ಅದೇ ಜಂಬಿಟ್ಟಿಗೆ ಮಣ್ಣಿನ ಇನ್ನೊಬ್ಬರ ಹಿತ್ತಿಲಿನಲ್ಲಿ ಬೆಳೆದು ನಿಂತ ಮರವನ್ನು ಬುಡದಿಂದ ತಲೆಯವರೆಗೆ ನೋಡಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ. ಪಾಮ್ ಕುಟುಂಬದಲ್ಲಿ ಸುಮಾರು 2600 ಪ್ರಭೇದಗಳಿವೆ. ಅವುಗಳಲ್ಲಿ ನಮ್ಮ ನೆಲಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಒಬ್ಬರೇ ಪ್ರಯೋಗ ಮಾಡಿ ತಿಳಿಯಲು ಒಂದು ಆಯುಷ್ಯ ಸಾಲದು.

ಭೇಟಿಗೆ ನಾವು ಆರಿಸಿಕೊಳ್ಳುವುದು ಮಳೆ ಹಿಂತೆಗೆದ ಮೇಲಿನ ದಿನಗಳನ್ನು. ಜುಲೈ–ಆಗಸ್ಟ್‌ನಲ್ಲಿ ಉಂಬಳಗಳ ಕಾಟವಿರುವುದಲ್ಲದೆ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿರುವ ತೋಟಿಗರ ಮನೆಗೆ ನೆಂಟರಂತೆ ಹೋಗುವುದು ಉಚಿತವೂ ಅಲ್ಲ. ಶಿರಸಿ ಕಡೆಗೆ ಹೋಗುವುದಾದರೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಯಾವಾಗ ಎಂದು ಮೊದಲೇ ವಿಚಾರಿಸಿಕೊಳ್ಳುತ್ತೇವೆ. ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿರುವಾಗ ಮನೆಯವರಿಗೆ ನಮ್ಮ ಜೊತೆ ತಿರುಗಲು ಪುರಸೊತ್ತಿರುವುದಿಲ್ಲ, ಮತ್ತು ಗಿಡದ ಚರಿತ್ರೆ ಹೇಳಬಲ್ಲವರು ಜೊತೆಯಲ್ಲಿಲ್ಲದ ತೋಟದ ಭೇಟಿ ಅರ್ಧ ಭೇಟಿಯೇ ಸರಿ. ಗುಂಪು ಎರಡು ಕಾರುಗಳಲ್ಲಿ ಹಿಡಿಸುವಷ್ಟಿದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾದರೆ ಹಿಂದಿದ್ದವರಿಗೆ ಮಾತು ಕೇಳಿಸದು, ಕಾಲಡಿಯ ಸಸಿಗಳೂ ಉಳಿಯವು.

ಕೆಲವು ಕಟ್ಟಳೆಗಳನ್ನು ನಾವೇ ಮಾಡಿಕೊಂಡಿದ್ದೇವೆ. ಒಂದು ಅಡಿಕೆ ತೋಟದಿಂದ ಇನ್ನೊಂದಕ್ಕೆ ಹೋಗುವ ಮೊದಲು ಚಪ್ಪಲಿ, ಬೂಟುಗಳ ಮಣ್ಣನ್ನು ತೊಳೆದುಕೊಳ್ಳಬೇಕು. ಕೊಳೆಗೆ ಕಾರಣವಾದ ಫೈಟಾಫ್ತರಾ ಎಂಬ ಸೂಕ್ಷ್ಮಜೀವಿ ಮಣ್ಣಿನಲ್ಲೂ ಉಳಿದಿರುತ್ತದೆ. ಚಾಕುವಿನಿಂದ ಕಾಂಡವನ್ನು ಕೆರೆದು ನೋಡಬಾರದು, ಹಸಿ ಗರಿಯನ್ನು ಕತ್ತರಿಸಬಾರದು, ಏಕೆಂದರೆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಹೆಸರಿನ ಫಲಕವನ್ನು ಮೊಳೆ ಹೊಡೆದು ಕಾಂಡಕ್ಕೇ ಬಡಿದಿದ್ದನ್ನು ಕಂಡಲ್ಲಿ ನಾನು ಸುಮ್ಮನಿರಲಾರೆ. ಕೋಲಿಗೆ ಕಟ್ಟಿ ಬುಡದಲ್ಲಿ ನೆಡಿ ಎಂದು ವಿನಂತಿಸುತ್ತೇನೆ. ಅಪರೂಪದ ಗಿಡಗಳ ಚಿತ್ರದೊಂದಿಗೆ ಊರಿನ ಹೆಸರನ್ನು ಎಲ್ಲಿಯೂ ಹಂಚುವುದಿಲ್ಲ. ಬೀಜವನ್ನು ಮನೆಯವರು ತಾವಾಗಿ ಕೊಟ್ಟರಷ್ಟೇ ತೆಗೆದುಕೊಳ್ಳಬೇಕು ಎಂಬುದು ಕೊನೆಯ ಕಟ್ಟಳೆ. ಸಂಗ್ರಾಹಕರ ಕೈ ಹೇಗೆ ತುರಿಸುತ್ತದೆ ಎಂಬುದು ಸಂಗ್ರಾಹಕರಿಗೇ ಗೊತ್ತು.

ಬೆಳಗಿನ ಹೊತ್ತು ಕರಾವಳಿಯ ತೋಟದಿಂದ ಆರಂಭಿಸುವುದು ನನಗೆ ಇಷ್ಟ. ಕಾರವಾರದ ಬಳಿ, ಗಾಳಿಮರಗಳ ಸಾಲಿನ ಹಿಂದೆ ಮರಳುಮಿಶ್ರಿತ ನೆಲದಲ್ಲಿರುವ ಒಂದು ಹಿತ್ತಿಲಿನಲ್ಲಿ ನಾನು ಮೊದಲು ಎಲ್ಲರನ್ನೂ ಕರೆದುಕೊಂಡು ಹೋಗಿ ನಿಲ್ಲಿಸುವುದು ಅತಿ ಸುಂದರ ಗಿಡದ ಮುಂದಲ್ಲ, ಸಮುದ್ರದ ಕಡೆಯ ಬೇಲಿಯ ಬಳಿ. ಅಲ್ಲಿನ ಗರಿಗಳ ತುದಿ ಪಶ್ಚಿಮದ ಬದಿಗೆ ಮಾತ್ರ ಸುಟ್ಟಂತೆ ಕಂದಿರುತ್ತದೆ, ಅದೇ ಮರದ ಪೂರ್ವದ ಗರಿಗಳು ಹಸಿರಾಗಿರುತ್ತವೆ. ಇದು ರೋಗವಲ್ಲ, ಉಪ್ಪುಗಾಳಿಯ ಕೆಲಸ. ಮಡಗಾಸ್ಕರ್ ಮೂಲದ ಬಿಸ್ಮಾರ್ಕಿಯಾದ ಬೆಳ್ಳಿಬಣ್ಣದ ದಪ್ಪ ಬೀಸಣಿಗೆ ಎಲೆಗಳು ಈ ಗಾಳಿಯನ್ನು ತಕ್ಕಮಟ್ಟಿಗೆ ತಡೆದುಕೊಂಡರೆ, ವನುವಾಟು ಕಡೆಯ ಲಿಕುವಾಲಾ ಗ್ರ್ಯಾಂಡಿಸ್‌ನ ನೆರಿಗೆಯುಳ್ಳ ದುಂಡನೆಯ ಇಡೀ ಎಲೆ ಒಂದೇ ಋತುವಿನಲ್ಲಿ ಚಿಂದಿಯಾಗುತ್ತದೆ. ಆ ಮನೆಯವರು ಲಿಕುವಾಲಾವನ್ನು ಮನೆಯ ಪೂರ್ವಕ್ಕೆ, ಹಲಸಿನ ನೆರಳಿಗೆ ನೆಟ್ಟಿದ್ದಾರೆ. ಅಲ್ಲಿ ಒಂದು ಎಲೆಯೂ ಸೀಳಿಲ್ಲ. ಬಿಸ್ಮಾರ್ಕಿಯಾದಲ್ಲಿ ಗಂಡು, ಹೆಣ್ಣು ಬೇರೆಬೇರೆ ಮರಗಳಾದ್ದರಿಂದ ಒಂಟಿ ಮರದಿಂದ ಬೀಜ ಸಿಗುತ್ತದೆಂದು ಕಾಯುವುದು ವ್ಯರ್ಥ. ಬೇರು ಕದಲಿದರೆ ಅದು ಸಹಿಸುವುದಿಲ್ಲ, ಆದ್ದರಿಂದ ಎಳೆಯದಿರುವಾಗಲೇ ಅದರ ಕಾಯಂ ಜಾಗದಲ್ಲಿ ನೆಟ್ಟುಬಿಡಬೇಕು.

ಅದೇ ಹಿತ್ತಿಲಿನಲ್ಲಿರುವ ಫಾಕ್ಸ್‌ಟೇಲ್ ಪಾಮ್ ಇಂದು ಎಲ್ಲ ಹೋಟೆಲುಗಳ ಮುಂದೆ ಕಾಣುವ ಗಿಡ. ವಿಜ್ಞಾನಕ್ಕೆ ಅದರ ಪರಿಚಯವಾಗಿ ವೊಡ್ಯೆಟಿಯಾ ಎಂಬ ಹೆಸರು ಬಿದ್ದದ್ದು 1983ರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್ ಎಂಬ ಒಂದೇ ಬೆಟ್ಟಸಾಲಿನಲ್ಲಿ ಸ್ವಾಭಾವಿಕವಾಗಿ ಬೆಳೆಯುತ್ತಿದ್ದ ಮರ ಇಷ್ಟು ಬೇಗ ಕಾರವಾರದ ಅಂಗಳಕ್ಕೆ ಬಂದು ನಿಂತಿತೆಂದರೆ ಪಾಮ್ ಪ್ರಿಯರ ಹುಚ್ಚಿನ ಅಳತೆ ಸಿಗುತ್ತದೆ. ಬುಡ ಉಬ್ಬಿದ ಬಾಟಲ್ ಪಾಮ್‌ನದ್ದು ಇದಕ್ಕೆ ಜೊತೆಯ ಕಥೆ: ಮಾರಿಷಸ್ ಬಳಿಯ ರೌಂಡ್ ಐಲ್ಯಾಂಡ್‌ನ ಮೂಲನೆಲೆಯಲ್ಲಿ ತೀರ ವಿರಳವಾದ ಈ ಮರ ಜಗತ್ತಿನ ತೋಟಗಳಲ್ಲಿ ಎಣಿಕೆಗೆ ಸಿಗದಷ್ಟಿದೆ.

ಗುಂಪಿನಲ್ಲಿ ಹೊಸಬರಿದ್ದರೆ ಪ್ರಭೇದಗಳ ಹೆಸರನ್ನು ಬಾಯಿಪಾಠ ಮಾಡಿಸುವ ಬದಲು ಗರಿಯ ಎಸಳನ್ನು ಮುಟ್ಟಿ ನೋಡಲು ಹೇಳುತ್ತೇನೆ. ತೆಂಗು, ಅಡಿಕೆ, ಫಾಕ್ಸ್‌ಟೇಲ್‌ಗಳಲ್ಲಿ ಎಸಳು ದಿಂಡಿಗೆ ಸೇರುವಲ್ಲಿ ಮನೆಯ ಮಾಡಿನಂತೆ ಎರಡೂ ಬದಿಗೆ ಇಳಿಜಾರಾಗಿರುತ್ತದೆ. ಈಚಲು, ಬೈನೆ ಎಂಬ ಪಾಮ್‌ಗಳಲ್ಲಿ ಅದಕ್ಕೆ ತದ್ವಿರುದ್ಧವಾಗಿ ಅಂಚುಗಳು ಮೇಲಕ್ಕೆ ಮಡಚಿಕೊಂಡು ನಡುವೆ ನೀರು ನಿಲ್ಲುವಂತಿರುತ್ತದೆ. ಈ ಒಂದು ಗುರುತಿನಿಂದಲೇ ಅರ್ಧ ಗೊಂದಲ ಪರಿಹಾರವಾಗುತ್ತದೆ. ನಂತರ ಎಲೆಬುಡದ ಹಾಳೆಗಳು ಒಂದರ ಸುತ್ತ ಒಂದು ಬಿಗಿದುಕೊಂಡು ತಲೆಯ ಕೆಳಗೆ ನುಣುಪಾದ ಹಸಿರು ಕೊಳವೆ ಆಗಿದೆಯೇ, ಹೊಂಬಾಳೆ ಆ ಕೊಳವೆಯ ಕೆಳಗೆ ಬಂದಿದೆಯೇ ಅಥವಾ ಎಲೆಗಳ ನಡುವಿನಿಂದ ಹೊರಟಿದೆಯೇ ಎಂದು ನೋಡಬೇಕು. ಅಡಿಕೆಯನ್ನೂ ತೆಂಗನ್ನೂ ಅಕ್ಕಪಕ್ಕ ನೋಡಿದ ನಮ್ಮ ಕಡೆಯವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಯೇ ಇಲ್ಲ.

ಕುಮಟಾದಿಂದ ಒಳಕ್ಕೆ ತಿರುಗಿದ ಮೇಲೆ ನಮ್ಮ ಮುಖ್ಯ ಆಕರ್ಷಣೆ ಶ್ರೀತಾಳೆ. ವಿದೇಶಿ ಪಾಮ್‌ಗಳಿಗೆ ಸಾವಿರಾರು ರೂಪಾಯಿ ಸುರಿಯುವವರು ತಮ್ಮದೇ ಬೆಟ್ಟದ ಇಳಿಜಾರಿನಲ್ಲಿ ನಿಂತ ಈ ಮರವನ್ನು ತಲೆಯೆತ್ತಿ ನೋಡುವುದಿಲ್ಲವೆಂಬುದು ನನ್ನ ಹಳೆಯ ತಕರಾರು. ಇದರ ಎಲೆ ಐದು ಮೀಟರ್ ಅಗಲದವರೆಗೂ ಬೆಳೆಯುತ್ತದೆ. ಮೂವತ್ತರಿಂದ ಎಂಬತ್ತು ವರ್ಷಗಳವರೆಗೆ ಶಕ್ತಿಯನ್ನು ಕಾಂಡದಲ್ಲಿ ಕೂಡಿಟ್ಟು, ಆಯುಷ್ಯದಲ್ಲಿ ಒಮ್ಮೆ ಮಾತ್ರ ತಲೆಯ ಮೇಲೆ ಆರರಿಂದ ಎಂಟು ಮೀಟರ್ ಎತ್ತರದ ಹೂಗೊಂಚಲನ್ನು ಎತ್ತುತ್ತದೆ. ಸಸ್ಯಲೋಕದಲ್ಲಿ ಇದಕ್ಕಿಂತ ದೊಡ್ಡ ಕವಲೊಡೆದ ಹೂಗೊಂಚಲು ಇಲ್ಲ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಹಿಡಿಯುತ್ತದೆ, ಆಮೇಲೆ ಮರ ಸಾಯುತ್ತದೆ. ಹಳೆಯ ಓಲೆಗರಿ ಗ್ರಂಥಗಳಿಗೆ ಬಳಸುತ್ತಿದ್ದ ಎಲೆಗಳಲ್ಲಿ ಇದರದ್ದು ತಾಳೆಗಿಂತ ತೆಳುವು ಮತ್ತು ಬಳುಕುವಂಥದ್ದು. ನಾವು ಭೇಟಿ ಕೊಟ್ಟ ಒಂದು ಮನೆಯವರ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಹೂಬಿಟ್ಟ ಮರವನ್ನು ಕಡಿಸಿಬಿಡಿ, ಅದು ಅಪಶಕುನವೆಂದು ನೆರೆಯವರು ಒತ್ತಾಯಿಸಿದ್ದರಂತೆ, ಅವರು ಕಡಿಸಲಿಲ್ಲ. ಕೆನೆಬಣ್ಣದ ಹೂವು ಉದುರಿ, ಎಲೆಗಳು ಒಂದೊಂದಾಗಿ ಜೋತುಬಿದ್ದು, ಗೋಲಿಯಂಥ ಕಾಯಿಗಳು ಕಿಕ್ಕಿರಿದು ಜಗ್ಗುತ್ತಿದ್ದ ಹಂತದಲ್ಲಿ ನಾವು ಅದನ್ನು ನೋಡಿದೆವು. ಮನೆಯ ಪಕ್ಕದಲ್ಲಿ ಇದನ್ನು ನೆಡಬಾರದೆಂಬುದು ನನ್ನ ಸಲಹೆ. ಅಷ್ಟು ದೊಡ್ಡ ಎಲೆ ಒಣಗಿ ಬೀಳುವಾಗ ಹೆಂಚು ಉಳಿಯುವುದಿಲ್ಲ, ಸತ್ತ ಮರವನ್ನು ಇಳಿಸುವುದಂತೂ ದೊಡ್ಡ ಕೆಲಸ. ಬೇಣ, ಬೆಟ್ಟ ಇದ್ದವರು ನೆಟ್ಟು ಮೊಮ್ಮಕ್ಕಳಿಗೆ ಬಿಡಲಿ.

ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರಿದರೆ ಎತ್ತರ ಸುಮಾರು 600 ಮೀಟರ್, ಗಾಳಿಯೇ ಬೇರೆ. ಇಲ್ಲಿನ ಸಂಗ್ರಹಗಳಿಗೆ ಅಡಿಕೆ ತೋಟದ ನೆರಳು ದೊಡ್ಡ ವರ. ಕಾದಿಗೆಯ (ತೋಟದ ನೀರುಗಾಲುವೆಯ) ಪಕ್ಕದ ತಂಪಿನಲ್ಲಿ, ಮಾನವ ಹಸ್ತಕ್ಷೇಪವೇ ಇಲ್ಲವೇನೋ ಎಂಬಂತೆ, ಪಶ್ಚಿಮ ಘಟ್ಟದ್ದೇ ಆದ ಕಾಡಡಿಕೆ ಅಂದರೆ ಪಿನಾಂಗಾ ಡಿಕ್ಸೋನಿಯ ಸಪೂರ ಕಾಂಡಗಳ ಹಿಂಡು ನಿಂತಿರುತ್ತದೆ. ಪಕ್ಕದಲ್ಲಿ ಎಸಳಿನ ಕೆಳಬದಿ ಬೂದುಬಿಳುಪಾಗಿರುವ ಅರೆಂಗಾ ವೈಟಿ ಎಂಬ ಪಾಮ್, ಬೇಲಿಗುಂಟ ಬೆತ್ತ. ಇವುಗಳನ್ನು ಬೆಳೆಸಿದ ತೋಟಿಗರು ಹವ್ಯಾಸಿಗಳಿಗಿಂತ ಕಡಿಮೆ ಮಾತಾಡುತ್ತಾರೆ, ಆದರೆ ಗಿಡದ ಬುಡದಲ್ಲಿ ಕುಳಿತರೆ ಎದ್ದೇಳಿಸುವುದು ಕಷ್ಟ.

ಶಿರಸಿಯಲ್ಲಿ ನಾವು ಅತಿ ಹೆಚ್ಚು ಹೊತ್ತು ಕಳೆಯುವುದು ಬೈನೆಯ ಕೆಳಗೆ. ಎಲೆ ಎರಡು ಬಾರಿ ಕವಲೊಡೆಯುವ ಪಾಮ್ ಈ ಕ್ಯಾರಿಯೋಟಾ ಕುಲದಲ್ಲಿ ಮಾತ್ರ. ಹೂಗೊಂಚಲು ಮೊದಲು ಬರುವುದು ನೆತ್ತಿಯಲ್ಲಿ. ಮುಂದಿನ ವರ್ಷಗಳಲ್ಲಿ ಒಂದೊಂದೇ ಗೆಣ್ಣು ಕೆಳಕ್ಕೆ ಇಳಿಯುತ್ತ ಬಂದು, ಅತಿ ಕೆಳಗಿನ ಗೊಂಚಲು ಹಣ್ಣಾದ ಮೇಲೆ ಮರ ಒಣಗುತ್ತದೆ. ಆದ್ದರಿಂದ ಗೊಂಚಲು ಎಷ್ಟು ಕೆಳಗಿದೆ ಎಂದು ನೋಡಿ ಮರಕ್ಕೆ ಇನ್ನೆಷ್ಟು ಕಾಲವಿದೆ ಎಂದು ಅಂದಾಜು ಮಾಡಬಹುದು. ಗೊಂಚಲಿನ ಜೋತುಬಿದ್ದ ಎಳೆಯನ್ನು ಹತ್ತಿರದಿಂದ ಹಿಡಿದು ನೋಡಿದರೆ ಮೊಗ್ಗುಗಳು ಮೂರುಮೂರರ ಗುಂಪಿನಲ್ಲಿ ಕೂತಿರುವುದು ಕಾಣುತ್ತದೆ: ಅಕ್ಕಪಕ್ಕ ಎರಡು ಗಂಡು, ನಡುವೆ ಚಿಕ್ಕದೊಂದು ಹೆಣ್ಣು. ಗಂಡು ಹೂಗಳು ಉದುರಿಹೋದ ಮೇಲೆ ನಡುವಿನದು ಅರಳುತ್ತದೆ. ಕೆಂಪಾದ ಹಣ್ಣನ್ನು ಮಾತ್ರ ಬರಿಗೈಯಲ್ಲಿ ಹಿಸುಕಬಾರದು; ಅದರ ತಿರುಳಿನಲ್ಲಿರುವ ಆಕ್ಸಲೇಟ್ ಸೂಜಿಗಳು ಗಂಟೆಗಟ್ಟಲೆ ತುರಿಕೆ ತರಿಸುತ್ತವೆ. ಪುನುಗಿನ ಬೆಕ್ಕಿಗೆ ಆ ತೊಂದರೆ ಇದ್ದಂತಿಲ್ಲ, ತೋಟದ ತುಂಬ ಬೈನೆ ಸಸಿ ಹುಟ್ಟಿಸುವ ಕೆಲಸ ಅದರದ್ದೇ.

ಒಂದು ವಿಷಯದಲ್ಲಿ ನಮ್ಮ ಗುಂಪಿನಲ್ಲಿ ಇನ್ನೂ ಒಮ್ಮತವಿಲ್ಲ. ಹಾಳೆಗಳು ಅರಗಿನಂತೆ ಕೆಂಪಾಗಿರುವ ಲಿಪ್‌ಸ್ಟಿಕ್ ಪಾಮ್ ಕಾಳಿ ನದಿಯ ದಡದ ತೋಟದಲ್ಲಿ ಹಿಂಡುಹಿಂಡಾಗಿ ಹಬ್ಬಿದರೆ, ಶಿರಸಿಯಲ್ಲಿ ಅದು ಬದುಕಿದೆ ಎನ್ನಬಹುದು ಅಷ್ಟೇ. ನೀರು ಸಾಲದೆ ಹೀಗಾಗಿದೆ ಎಂದು ಶಿರಸಿಯವರು ಹೇಳುತ್ತಾರೆ. ಮಲಯ, ಸುಮಾತ್ರಾ, ಬೋರ್ನಿಯೋಗಳ ಜೌಗು ಕಾಡಿನಿಂದ ಬಂದ ಗಿಡಕ್ಕೆ ನೀರು ಬೇಕೆಂಬುದು ನಿಜವೇ. ಆದರೆ ಕಾದಿಗೆಯ ಅಂಚಿನಲ್ಲೇ ನಿಂತ ಗಿಡವೂ ಡಿಸೆಂಬರ್–ಜನವರಿಯ ನಂತರ ಎಲೆಯಲ್ಲಿ ಕಂದು ಚುಕ್ಕೆ ತೋರಿಸುತ್ತದೆ, ಬೇಸಿಗೆಯಲ್ಲಿ ಸುಧಾರಿಸುತ್ತದೆ; ಹಾಗಾಗಿ ರಾತ್ರಿಯ ಚಳಿಯೇ ಕಾರಣವೆಂಬುದು ನನ್ನ ಅಭಿಪ್ರಾಯ. ಘಟ್ಟದ ಮೇಲಿನವರು ಇದಕ್ಕೆ ದುಡ್ಡು ಹಾಕುವ ಮೊದಲು ಒಮ್ಮೆ ಕೆಳಗಿಳಿದು, ಅದೇ ಗಿಡ ಕರಾವಳಿಯಲ್ಲಿ ಹೇಗಿದೆಯೆಂದು ನೋಡಲಿ.

ಕೀಟಗಳ ಮಟ್ಟಿಗೆ ಘಟ್ಟದ ಮೇಲೂ ಕೆಳಗೂ ಶತ್ರು ಒಂದೇ. ಹೊಸ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂತೆ ತ್ರಿಕೋನಾಕಾರದ ಕಚ್ಚುಗಳು ಕಂಡರೆ ಅದು ಕೊಂಬಿನ ದುಂಬಿಯ, ಅಂದರೆ ರೈನೋಸಾರಸ್ ಬೀಟಲ್‌ನ ಗುರುತು. ರಾಯಲ್ ಪಾಮ್‌ಗೂ ಬಿಸ್ಮಾರ್ಕಿಯಾಗೂ ಅದು ತೆಂಗಿಗೆ ಮಾಡಿದಷ್ಟೇ ಹಾನಿ ಮಾಡುತ್ತದೆ. ತುದಿಯ ಎಲೆಗಳ ಸಂದಿನಲ್ಲಿ ಬೇವಿನ ಹಿಂಡಿಯನ್ನು ಮರಳಿನೊಂದಿಗೆ ಬೆರೆಸಿ ತುಂಬುವ ತೆಂಗಿನ ಪದ್ಧತಿಯನ್ನೇ ನಾವು ಎಳೆಯ ಪಾಮ್‌ಗಳಿಗೂ ಅನುಸರಿಸುತ್ತೇವೆ. ದುಂಬಿ ಮರಿ ಮಾಡುವುದು ಗೊಬ್ಬರ ಗುಂಡಿಯಲ್ಲಿ. ಹಾಗಾಗಿ ತೋಟ ನೋಡಲು ಹೋದಾಗ ಗೊಬ್ಬರ ಗುಂಡಿ ಎಲ್ಲಿದೆ ಎಂದು ಕೇಳುವುದನ್ನು ನಾನು ಬಿಡುವುದಿಲ್ಲ.

ಬೀಜ ಹಂಚಿಕೆ ಸಾಮಾನ್ಯವಾಗಿ ಚಹಾದ ಹೊತ್ತಿಗೆ ನಡೆಯುತ್ತದೆ. ಪಾಮ್ ಬೀಜಗಳಲ್ಲಿ ಹೆಚ್ಚಿನವು ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ, ಆದ್ದರಿಂದ ತಿರುಳು ತೆಗೆದು, ತೊಳೆದು, ತೇವದ ತೆಂಗಿನ ನಾರಿನ ಪುಡಿಯಲ್ಲಿ ಕಟ್ಟಿಕೊಂಡು ಬಂದು ಅದೇ ವಾರ ಬಿತ್ತುವುದು ಲೇಸು. ಶ್ರೀತಾಳೆ, ತಾಳೆಗಳಿಗೆ ಅಗಲವಾದ ತಟ್ಟೆ ಪ್ರಯೋಜನವಿಲ್ಲ. ಅವುಗಳ ಮೊಳಕೆ ಮೊದಲು ಕೊಳವೆಯಂತೆ ನೇರ ಕೆಳಕ್ಕೆ ಇಳಿದು, ಆಳದಿಂದ ಎಲೆಯನ್ನು ಮೇಲೆ ಕಳಿಸುವುದರಿಂದ ಉದ್ದನೆಯ ಚೀಲವನ್ನೇ ಕೊಡಬೇಕು, ಇಲ್ಲವೆ ಕಾಯಂ ಜಾಗದಲ್ಲೇ ಬಿತ್ತಬೇಕು. ಕಾಡಡಿಕೆಯ ಬೀಜವನ್ನು ನಾನು ಅಡಿಕೆ ಮರದ ಬುಡದ ನೆರಳಿನಲ್ಲೇ ಬಿತ್ತುತ್ತೇನೆ. ಪ್ರತಿ ಚೀಲಕ್ಕೂ ಯಾವ ಮನೆಯ ತೋಟದ್ದು, ಯಾವ ತಿಂಗಳು ತಂದದ್ದು ಎಂಬ ಚೀಟಿ ಕಟ್ಟಿರುತ್ತದೆ. ಸಸಿ ಎರಡೆಲೆ ಬಿಟ್ಟ ಮೇಲೆ ಕೆಲವನ್ನು ಅದೇ ಮನೆಗೆ ಹಿಂದಿರುಗಿಸುತ್ತೇವೆ, ಏಕೆಂದರೆ ತಾಯಿಮರಕ್ಕೆ ದುಂಬಿ ಹತ್ತಿದರೆ ಆ ಮನೆಯವರಿಗೂ ಒಂದು ಬದಲಿ ಗಿಡ ಬೇಕಾಗುತ್ತದೆ.