ಬೆಳೆ ಕಟಾವು ವರದಿಯ ಮೇಲೆ ಮೂವರ ಹೆಸರೂ ಬಂತು: ನನ್ನ ಅನುಭವ

ಇಲಾಖೆ ಅಂಕಿಅಂಶ ಕೊಡುತ್ತದೆ, ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದ ಮಾದರಿ ಕಟ್ಟುತ್ತದೆ, ವಿಮಾ ಕಂಪನಿ ಹಣ ಹಾಕುತ್ತದೆ. ಕೊನೆಗೆ ವರದಿಯ ರಕ್ಷಾಪುಟದ ಮೇಲೆ ಒಂದೇ ಹೆಸರು. ಮೂವರ ಪಾಲೂ ಕಾಣುವಂತೆ ಕೆಲಸ ಮಾಡಬಹುದು ಎಂದಾಗ "ಆಗದ ಮಾತು" ಎಂದವರೇ ಹೆಚ್ಚು. ಬೆಳೆ ಕಟಾವು, ಅಂದರೆ ಹೊಲದಲ್ಲಿ ಅಳೆದ ಸಣ್ಣ ತಾಕನ್ನು ಕೊಯ್ದು ತೂಗುವ ಕೆಲಸ, ಅದರ ಮೇಲೆ ನಿಂತ ರಾಗಿಯ ಪಂಚಾಯಿತಿ ಮಟ್ಟದ ಇಳುವರಿ ಅಂದಾಜಿನಲ್ಲಿ ಅದು ಆಯಿತು. ಎರಡನೇ ಒಡಂಬಡಿಕೆಗೂ ಸಹಿ ಬಿದ್ದಿದೆ.

ಸಂಖ್ಯಾಶಾಸ್ತ್ರಜ್ಞರಾದ ಮಹಾಲನೋಬಿಸ್, ಸುಖಾತ್ಮೆ, ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಹೆಸರಿನ ಸರ್ಕಾರಿ ಪ್ರಶಸ್ತಿಗಳು ವ್ಯಕ್ತಿಗೆ ಸಲ್ಲುತ್ತವೆ. ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್‌ನ ಸ್ಪೇಗ್ ಪ್ರಶಸ್ತಿ ಹಾಗಲ್ಲ. ಅದು ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರಗಳ ನಡುವಿನ ಪಾಲುದಾರಿಕೆಗೇ ಸಲ್ಲುತ್ತದೆ. ನಮ್ಮ ಕಡತವನ್ನು ಆ ಅಳತೆಗೆ ತಕ್ಕಂತೆ ಮೊದಲ ವಾರದಿಂದಲೇ ಕಟ್ಟಿದೆವು.

ಕಡತದ ತಿರುಳು ಒಂದು ನಿರ್ಧಾರ ಪುಸ್ತಕ. ದಿನಾಂಕ, ನಿರ್ಧಾರ, ಸೂಚಿಸಿದವರು, ಆಕ್ಷೇಪಿಸಿದವರು, ಬದಲಾದದ್ದೇನು, ಕಡತ ಸಂಖ್ಯೆ: ಇಷ್ಟೇ ಕಾಲಂ. "ತಾಂತ್ರಿಕ ನೆರವು ನೀಡಲಾಯಿತು" ಎಂಬ ಸಾಲಿಗೆ ಅಲ್ಲಿ ಜಾಗವಿಲ್ಲ. "ಆಯ್ಕೆಯಾದ ಸರ್ವೆ ನಂಬರಿನಲ್ಲಿ ಬೆಳೆ ಇಲ್ಲದಿದ್ದರೆ ಬದಲಿ ಹೊಲ ಆರಿಸುವ ಕ್ರಮವನ್ನು ಇಲಾಖೆ ತಿದ್ದಿತು" ಎಂಬಂಥ ಸಾಲು ಬೇಕು. ವರ್ಷದ ಕೊನೆಗೆ ನೆನಪಿನಿಂದ ಬರೆಯಲು ಕೂತರೆ ಮೂವರೂ ಒಂದೇ ಕೆಲಸ ತಮ್ಮದೆನ್ನುತ್ತಾರೆ; ಬಹಳಷ್ಟು ಒಡಂಬಡಿಕೆಗಳು ಮುರಿಯುವುದು ಅಲ್ಲೇ.

ಕ್ಷೇತ್ರದ ಕೆಲಸ ಗಟ್ಟಿಯಿಲ್ಲದಿದ್ದರೆ ಕಡತಕ್ಕೆ ಬೆಲೆಯಿಲ್ಲ. 5x5 ಮೀಟರ್ ತಾಕು ಎಂದರೆ ಹೆಕ್ಟೇರಿನ 400ರಲ್ಲಿ ಒಂದು ಪಾಲು. ತೂಕದಲ್ಲಿ 100 ಗ್ರಾಂ ಹೆಚ್ಚುಕಮ್ಮಿಯಾದರೆ ಹೆಕ್ಟೇರಿಗೆ 40 ಕೆ.ಜಿ. ವ್ಯತ್ಯಾಸ. ಹಗ್ಗ ಹಿಗ್ಗಿ ಬದಿ 5.1 ಮೀಟರ್ ಆದರೆ ವಿಸ್ತೀರ್ಣ ಶೇ. 4 ಏರುತ್ತದೆ. ಬದಿಗಳು ಸರಿಯಿದ್ದೂ ಮೂಲೆ ವಾಲಿದರೆ ವಿಸ್ತೀರ್ಣ ಕುಗ್ಗುತ್ತದೆ. ಅದಕ್ಕೆ ಎರಡೂ ಕರ್ಣ ಹಿಡಿದು 7.07 ಮೀಟರ್ ಬರುತ್ತದೆಯೇ ನೋಡಬೇಕು. ಹಗ್ಗದ ಮೇಲೆ ಬಿದ್ದ ಪೈರನ್ನು ಬುಡ ಒಳಗಿದ್ದರೆ ಮಾತ್ರ ಕೊಯ್ಯಬೇಕು. ನಾವು ನೈಲಾನ್ ಹಗ್ಗ ಬಿಟ್ಟು ಉಕ್ಕಿನ ಸರಪಳಿ ಕೊಟ್ಟೆವು. ಅಷ್ಟರಿಂದಲೇ ಅಂದಾಜುಗಳ ಚೆದುರುವಿಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಪಂಚಾಯಿತಿಗೆ ನಾಲ್ಕೇ ಕಟಾವು. ನಾಲ್ಕು ಅಂಕಿಯಿಂದ ಬರುವ ವೇರಿಯನ್ಸ್ (ಚೆದುರುವಿಕೆಯ ಅಳತೆ) ನಂಬುವಂಥದ್ದಲ್ಲ. ಅದನ್ನೇ ಫೇ-ಹೆರಿಯಟ್ ಮಾದರಿಗೆ (ಕಡಿಮೆ ಅಂಕಿಗಳಿರುವ ಸಣ್ಣ ಪ್ರದೇಶಗಳ ಅಂದಾಜಿಗೆ ಬಳಸುವ ವಿಧಾನ) ಹಾಕಿದರೆ, ಆಕಸ್ಮಿಕವಾಗಿ ನಾಲ್ಕೂ ತೂಕ ಹತ್ತಿರ ಬಂದ ಪಂಚಾಯಿತಿಗೆ ಇಲ್ಲದ ಬಲ ಬರುತ್ತದೆ. ವೇರಿಯನ್ಸನ್ನು ಹೋಬಳಿ ಮಟ್ಟದಲ್ಲಿ ಒಟ್ಟುಗೂಡಿಸಿ ನಯಗೊಳಿಸಿ, ಮಳೆಮಾಪಕದ ಅಂಕಿಗಳನ್ನು ಅಂದಾಜಿಗೆ ನೆರವಾಗುವ ಸಹಚರ ಮಾಹಿತಿಯಾಗಿ ಸೇರಿಸಿದೆವು. ಯಾವ ವಾರಗಳ ಮಳೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ; ಅದು ನಮ್ಮ ತಂಡದ ಸೊತ್ತು.

ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನೂ ಪ್ರಯೋಗಿಸಿ ನೋಡಿದೆವು. ಮುಂಗಾರಿನ ಮೋಡ ಮೊದಲ ತೊಡಕು. ಅದಕ್ಕಿಂತ ದೊಡ್ಡದು ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು. ರಾಗಿ ಮಾಗಿ ಒಣಗಿದ ಮೇಲೂ ನಡುವಿನ ಅವರೆ ಹಸಿರಾಗಿಯೇ ಇರುತ್ತದೆ. 10 ಮೀಟರಿನ ಪಿಕ್ಸೆಲ್‌ಗೆ ಎರಡೂ ಒಂದೇ. ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಲೆಕ್ಕ ಹಾಕುವ ಹಸಿರಿನ ಸೂಚ್ಯಂಕ) ಹೆಚ್ಚಿದ್ದ ಹೊಲಗಳಲ್ಲಿ ರಾಗಿ ಹಗುರ ಬಂತು. ಬರೀ ರಾಗಿ ಬೆಳೆದ ಹೊಲಗಳಿಗೆ ಮಾತ್ರ ಅದನ್ನು ಉಳಿಸಿಕೊಂಡೆವು.

ಅನುಮಾನಿಸಿದವರ ಬಾಯಿ ಕಟ್ಟಿದ್ದು ಎರಡು ಕ್ರಮ. ಇಳುವರಿ ಇಳಿದರೆ ಪರಿಹಾರ ಕೊಡಬೇಕಾದದ್ದು ಹಣ ಹಾಕಿದ ಕಂಪನಿಯೇ. ಆದ್ದರಿಂದ ಕೊಯ್ಲಿಗೆ ಮುಂಚೆ ಮಾದರಿಯ ಕೋಡನ್ನು ಮುದ್ರೆ ಹಾಕಿ ಮೂವರಿಗೂ ಒಂದೊಂದು ಪ್ರತಿ ಕೊಟ್ಟೆವು. ನಡುವಿನ ಅಂದಾಜು ಕಂಪನಿಗೆ ತೋರಿಸುವಂತಿಲ್ಲ ಎಂದು ಒಡಂಬಡಿಕೆಯಲ್ಲೇ ಬರೆದೆವು. ಎರಡನೆಯದು, ಕೆಲವು ಪಂಚಾಯಿತಿಗಳಲ್ಲಿ ಹದಿನಾರರಷ್ಟು ಕಟಾವು ಮಾಡಿಸಿ, ಅದರಲ್ಲಿ ನಾಲ್ಕನ್ನಷ್ಟೇ ಮಾದರಿಗೆ ಕೊಟ್ಟು, ಫಲವನ್ನು ಉಳಿದ ಹನ್ನೆರಡರ ಸರಾಸರಿಗೆ ಹೋಲಿಸಿದೆವು. ಬರೀ ನಾಲ್ಕರ ಸರಾಸರಿಗಿಂತ ನಮ್ಮ ಅಂದಾಜಿನ ದೋಷ ಮೂರನೇ ಒಂದು ಭಾಗದಷ್ಟು ಕಡಿಮೆಯಿತ್ತು.

ಇನ್ನು ದುಡ್ಡು. ಕಂಪನಿ ಕೊಟ್ಟದ್ದು ಒಂಬತ್ತು ಲಕ್ಷದ ಆಸುಪಾಸು. ಸಲಹಾ ಸೇವೆ ಎಂದು ಬಿಲ್ ಮಾಡಿದರೆ ಶೇ. 18 ಜಿಎಸ್‌ಟಿ. "ತೆರಿಗೆ ಪ್ರತ್ಯೇಕ" ಎಂಬ ಎರಡು ಪದ ಒಡಂಬಡಿಕೆಯಲ್ಲಿ ಇಲ್ಲದಿದ್ದರೆ ಒಳಗಿನಿಂದಲೇ ಒಂದೂಕಾಲು ಲಕ್ಷಕ್ಕೂ ಹೆಚ್ಚು ಹೋಗುತ್ತದೆ. ಮೇಲೆ ವಿಶ್ವವಿದ್ಯಾಲಯದ ಸಾಂಸ್ಥಿಕ ಶುಲ್ಕ ಶೇ. 15ರಷ್ಟು. ಕೈಗೆ ಉಳಿಯುವುದು ಆರೂವರೆ ಲಕ್ಷ. ರಾಗಿ ಕೊಯ್ಲು ನವೆಂಬರ್, ಡಿಸೆಂಬರ್. ಹಣ ಬಿಡುಗಡೆಯಾಗುವುದು ಬಹಳ ಸಲ ಮಾರ್ಚ್‌ನಲ್ಲಿ. ಕೊಯ್ಲಿನ ಕೂಲಿ ಕಾಯುವುದಿಲ್ಲ. ಮೊದಲ ಕಂತನ್ನು ಅಕ್ಟೋಬರ್‌ಗೆ ಕಟ್ಟಿಹಾಕದೆ ಸಹಿ ಮಾಡಬೇಡಿ.

ಪ್ರಶಸ್ತಿಯ ನಾಮನಿರ್ದೇಶನಕ್ಕೆ ಪ್ರಬಂಧಗಳ ಪಟ್ಟಿಗಿಂತ ಬಳಕೆದಾರರ ಪತ್ರ ಮುಖ್ಯ: ಅಂದಾಜನ್ನು ಯಾವ ನಿರ್ಧಾರಕ್ಕೆ ಬಳಸಿದರು, ಮೊದಲು ಹೇಗಿತ್ತು, ಈಗ ಹೇಗಿದೆ. ಒಂದು ಪುಟ ಸಾಕು. ಅಂಕಿ ಬಳಕೆಯಾದ ವಾರದಲ್ಲೇ ಅದನ್ನು ಪಡೆಯಿರಿ, ಏಕೆಂದರೆ ಮೇ-ಜೂನ್ ಹೊತ್ತಿಗೆ ವರ್ಗಾವಣೆ ಶುರುವಾಗುತ್ತದೆ, ಹೊಸ ಅಧಿಕಾರಿ ಹಿಂದಿನವರ ಕೆಲಸಕ್ಕೆ ಸಹಿ ಹಾಕಲು ಒಪ್ಪುವುದಿಲ್ಲ. ಪತ್ರ ವ್ಯಕ್ತಿಯ ಹೆಸರಿನಲ್ಲಿ ಬೇಡ, ಹುದ್ದೆಯ ಹೆಸರಿನಲ್ಲಿರಲಿ, ಕಡತ ಸಂಖ್ಯೆಯೊಂದಿಗೆ.