ಊರಿಗೆ ಹೋಗೋಕಾಗದಿದ್ದರೆ ದಾರಿಯಲ್ಲಿ ನಿಲ್ಲಬೇಕು: ಬೋರ್ನೋದಲ್ಲಿ ಲಸಿಕೆ ಹಾಕಿದ ಅನುಭವ

2017ರಲ್ಲಿ ನಾನು ಈಶಾನ್ಯ ನೈಜೀರಿಯಾದ ಬೋರ್ನೋ ರಾಜ್ಯದಲ್ಲಿದ್ದೆ. ರಾಜಧಾನಿ ಮೈದುಗುರಿಯಲ್ಲಿ ಪೋಲಿಯೋ ಹನಿಗೆ ಬರ ಇರಲಿಲ್ಲ. ಹಾಕಿಸಿಕೊಳ್ಳಬೇಕಾದ ಮಕ್ಕಳು ಎಲ್ಲಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ.

ಎರಡು ವರ್ಷ ನೈಜೀರಿಯಾದಲ್ಲಿ ಸಹಜ ಪೋಲಿಯೋ, ಅಂದರೆ ಲಸಿಕೆಯ ವೈರಸ್ಸಿನಿಂದ ಹುಟ್ಟದ ಪೋಲಿಯೋ, ಕಂಡಿರಲಿಲ್ಲ. ಆಮೇಲೆ 2016ರ ಆಗಸ್ಟ್‌ನಲ್ಲಿ ಬೋರ್ನೋದ ಎರಡು ಮಕ್ಕಳಲ್ಲಿ ಸಿಕ್ಕಿತು. ಆ ವರ್ಷ ಒಟ್ಟು ನಾಲ್ಕು. ಲ್ಯಾಬಿನಲ್ಲಿ ವೈರಸ್ಸಿನ ಮೂಲ ಹುಡುಕಿದರೆ, ಅದರ ಹತ್ತಿರದ ಸಂಬಂಧಿ ಕೊನೆಗೆ ಸಿಕ್ಕಿದ್ದು 2011ರಲ್ಲಿ, ಅದೂ ಬೋರ್ನೋದಲ್ಲೇ. ಅಂದರೆ ಐದು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಹರಡುತ್ತಾ ಇತ್ತು. ಬೋಕೋ ಹರಾಂ ಉಗ್ರರ ಹಿಡಿತದಲ್ಲಿದ್ದ ಹಳ್ಳಿಗಳಿಗೆ ನಮ್ಮವರು ಯಾರೂ ಕಾಲಿಡುವ ಹಾಗಿರಲಿಲ್ಲ.

ನಾನು ಮೊದಲು ರಾಯಚೂರು, ಕಲಬುರಗಿ ಕಡೆ ಪೋಲಿಯೋ ಕೆಲಸ ಮಾಡಿದವನು. ಗುಳೆ ಹೋಗುವವರ ಮಕ್ಕಳನ್ನು ಬಸ್ ಸ್ಟ್ಯಾಂಡಿನಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ಹುಡುಕಿ ಹನಿ ಹಾಕಿ ಅಭ್ಯಾಸ ಇತ್ತು. ಆ ಅಭ್ಯಾಸವೇ ಅಲ್ಲಿ ಕೈಹಿಡಿಯಿತು. ಊರಿಗೆ ನಾವು ಹೋಗೋಕಾಗಲ್ಲ, ಆದರೆ ಜನ ಹೊರಗೆ ಬರುತ್ತಾರೆ. ಹಸಿವಿಗೆ, ಸಂತೆಗೆ, ಜೀವ ಉಳಿಸಿಕೊಳ್ಳೋಕೆ ಬಂದೇ ಬರುತ್ತಾರೆ. ಅವರು ಬರುವ ದಾರಿಯಲ್ಲಿ ತಂಡ ನಿಲ್ಲಿಸಿದೆವು. ಚೆಕ್‌ಪೋಸ್ಟ್, ಸಂತೆ ಬಾಗಿಲು, ನೀರಿನ ಟ್ಯಾಂಕ್, ಊರಂಚಿನ ಮುನಾ ಶಿಬಿರ. ತಂಡದಲ್ಲಿ ಇದ್ದವರು ಹೆಚ್ಚಾಗಿ ಕನೂರಿ, ಹೌಸಾ ಮಾತಾಡುವ ಅಲ್ಲಿಯ ಹೆಂಗಸರೇ. ಹನಿ ಹಾಕಿ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು ಕ್ಷಣದ ಕೆಲಸ. ಆಮೇಲಿನ ಮಾತುಕತೆಯೇ ನನಗೆ ಜಾಸ್ತಿ ಮುಖ್ಯ ಆಗಿತ್ತು. ಯಾವ ಊರಿನಿಂದ ಬಂದಿರಿ? ಅಲ್ಲಿ ಇನ್ನೂ ಯಾರಿದ್ದಾರೆ? ಇದ್ದಕ್ಕಿದ್ದಂತೆ ಕಾಲು ಸೋತ ಮಗು ಯಾರ ಮನೆಯಲ್ಲಾದರೂ ಇದೆಯಾ?

ಸಂಜೆ ಆ ಉತ್ತರಗಳನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟುಕೊಂಡು ಕೂರುತ್ತಿದ್ದೆವು. ಊರು ಬಿಟ್ಟು ಬಂದ ಬುಲಾಮಾಗಳು, ಅಂದರೆ ಹಳ್ಳಿ ಮುಖಂಡರು, ಜೊತೆಗೆ ಇರುತ್ತಿದ್ದರು. ಸುಟ್ಟ ಊರು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಛಾವಣಿ ಹೊಸದಾಗಿದ್ದರೆ, ಹೊಲ ಉತ್ತಿದ್ದರೆ ಅಲ್ಲಿ ಜನ ಇದ್ದಾರೆ ಅಂತ ಅರ್ಥ. ಒಬ್ಬ ಹಿರಿಯರು ಚಿತ್ರದ ಮೇಲೆ ಬೆರಳಿಟ್ಟು, "ಇದು ನಮ್ಮೂರಲ್ಲ ಡಾಕ್ಟ್ರೇ, ನಮ್ಮೂರು ಹಳ್ಳದ ಈಚೆ" ಅಂದರು. ನಮ್ಮ ಪಟ್ಟಿಯಲ್ಲಿ ಆ ಊರು ಇರಲೇ ಇಲ್ಲ.

ಬಿಸಿಲು ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಹನಿಯ ಬಾಟಲಿ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚಿಕ್ಕ ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿರುವವರೆಗೆ ಲಸಿಕೆ ಸರಿಯಿದೆ. ಬಿಸಿ ತಗಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಎರಡೂ ಒಂದೇ ಬಣ್ಣ ಆದರೆ ಎಸೆಯಲೇಬೇಕು. ಓದು ಬಾರದ ಕಾರ್ಯಕರ್ತೆಯೂ ಇದನ್ನು ನೋಡಿ ಹೇಳಬಹುದು. ಕರೆಂಟಿಲ್ಲದ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ದಡಾರದ ಲಸಿಕೆ ಇಷ್ಟು ಸಲೀಸಲ್ಲ. ಪುಡಿಗೆ ದ್ರಾವಣ ಬೆರೆಸಬೇಕು, ಬೆರೆಸಿ ಆರು ಗಂಟೆಯೊಳಗೆ ಮುಗಿಸಬೇಕು. ಸೂಜಿ ಬೇಕು, ಕಲಿತ ನರ್ಸ್ ಬೇಕು. ಅಲ್ಲಿ ಆರೋಗ್ಯ ಕೇಂದ್ರಗಳು ಸುಟ್ಟುಹೋಗಿದ್ದವು, ನರ್ಸ್‌ಗಳು ಜೀವ ಉಳಿಸಿಕೊಂಡು ಪಟ್ಟಣ ಸೇರಿದ್ದರು. ಹಾಗಾಗಿ ಕೆಲವು ಕಡೆ ಪೋಲಿಯೋ ಹನಿ ಎಷ್ಟೋ ಸಲ ಬಿದ್ದ ಮಗುವಿಗೆ ದಡಾರದ್ದು ಒಂದೂ ಬಿದ್ದಿರುತ್ತಿರಲಿಲ್ಲ. ಆ ವರ್ಷ ಜನವರಿಯಲ್ಲಿ ಬೋರ್ನೋ, ಯೋಬೆ, ಅದಮಾವಾ ಮೂರೂ ರಾಜ್ಯ ಸೇರಿಸಿ 47 ಲಕ್ಷ ಮಕ್ಕಳಿಗೆ ದಡಾರದ ಅಭಿಯಾನ ಹಾಕಿಕೊಂಡಿದ್ದೇ ಈ ಕಾರಣಕ್ಕೆ. ಹಸಿವಿನಿಂದ ಒಣಗಿದ ಮಗುವಿಗೆ ದಡಾರ ಬಂದರೆ ಉಳಿಯುವುದು ಕಷ್ಟ.

ಶಿಬಿರದಲ್ಲಿ ಒಬ್ಬ ತಾಯಿ ಹನಿ ಬೇಡ ಅಂದಳು. ನಮ್ಮ ಕಾರ್ಯಕರ್ತೆ ಸಮಾಧಾನ ಹೇಳೋಕೆ ಹೋದರೆ, "ಮಗು ಮೂರು ದಿನದಿಂದ ಭೇದಿ ಮಾಡ್ತಿದೆಯಕ್ಕ, ಅದಕ್ಕೇನು ತಂದಿದೀರಿ?" ಅಂತ ಕೇಳಿದಳು. ನ್ಯಾಯವಾದ ಸಿಟ್ಟು, ಅಲ್ವಾ? ಯುದ್ಧದಲ್ಲಿ ಮಕ್ಕಳು ಪೋಲಿಯೋಗಿಂತ ಜಾಸ್ತಿ ಸಾಯುವುದು ಭೇದಿ, ಮಲೇರಿಯಾ, ದಡಾರ, ಹಸಿವಿನಿಂದ. ಆದರೆ ಗುರಿ, ದುಡ್ಡು, ಗಾಡಿ ಎಲ್ಲ ಪೋಲಿಯೋಗೇ ಇತ್ತು. ಓಆರ್‌ಎಸ್, ಜಿಂಕ್, ಸೋಪು ಜೊತೆಗೆ ಒಯ್ದ ಕಡೆ ಬಾಗಿಲು ಬೇಗ ತೆರೆಯುತ್ತಿತ್ತು. ಬರೀ ಹನಿ ಒಯ್ದರೆ ತಿಂಗಳು ತಿಂಗಳು ಅದೇ ಜಗಳ.

ಒಳಗಿನ ಹಳ್ಳಿಗಳಿಗೆ ಕೊನೆಗೆ ಲಸಿಕೆ ಹೋಗಿದ್ದು ಸೈನಿಕರ ಮತ್ತು ಸ್ಥಳೀಯ ಕಾವಲು ಯುವಕರ ಜೊತೆ. ಎಷ್ಟೋ ಕಡೆ ಹನಿ ಹಾಕಿದ್ದೂ ಅವರೇ. ನನಗದು ಇಷ್ಟ ಇರಲಿಲ್ಲ. ಬಂದೂಕು ಹಿಡಿದ ಕೈಯಿಂದ ಹನಿ ಬಿದ್ದರೆ, ನಾಳೆ ಬರಿಗೈಯಲ್ಲಿ ಹೋಗುವ ಕಾರ್ಯಕರ್ತೆಯನ್ನೂ ಸೈನ್ಯದವಳು ಅಂದುಕೊಳ್ಳುತ್ತಾರೆ. 2013ರಲ್ಲಿ ಉತ್ತರ ನೈಜೀರಿಯಾದ ಕಾನೋದಲ್ಲಿ ಪೋಲಿಯೋ ಕಾರ್ಯಕರ್ತೆಯರನ್ನು ಗುಂಡಿಟ್ಟು ಕೊಂದಿದ್ದನ್ನು ನಮ್ಮ ತಂಡದವರು ಯಾರೂ ಮರೆತಿರಲಿಲ್ಲ. ಆದರೂ ಬೇರೆ ದಾರಿ ತೋರಿಸು ಅಂದರೆ ನನ್ನ ಹತ್ತಿರ ಇರಲಿಲ್ಲ. 2020ರ ಆಗಸ್ಟ್ 25ರಂದು ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಲಯ ಸಹಜ ಪೋಲಿಯೋ ವೈರಸ್‌ನಿಂದ ಮುಕ್ತ ಅಂತ ಘೋಷಣೆ ಆಯಿತು. ಅದರಲ್ಲಿ ಆ ಸೈನಿಕರ ಪಾಲೂ ಇದೆ ಅಂತ ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಮುಜುಗರದಿಂದಲೇ.